ಶನಿವಾರ ಹೈಸ್ಕೂಲಿಗೆ ಹೋಗಿ ಪೌರನೀತಿ ಹೇಳಿಕೊಡುತ್ತಿದ್ದೇನೆ. ಅನುಭವ ಇದ್ದವರು ಸ್ವಲ್ಪ ದಾರಿ ತೋರಿಸಿ

ನಿವೃತ್ತ ಟಪಾಲು (ತಿಪಟೂರು ಕಡೆ), ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಅಂಚೆ ಇಲಾಖೆಯಲ್ಲಿ 36 ವರ್ಷ ದುಡಿದು ನಿವೃತ್ತನಾದವನು ನಾನು. ಎರಡು ವರ್ಷದಿಂದ ನಮ್ಮೂರ ಸರ್ಕಾರಿ ಹೈಸ್ಕೂಲಿಗೆ ಶನಿವಾರ ಹೋಗುತ್ತಿದ್ದೇನೆ. ಶನಿವಾರ ಬೆಳಗಿನ ಶಾಲೆ ಅಲ್ವಾ, ಕೊನೆಯ ಪೀರಿಯಡ್ ನನಗೆ ಬಿಟ್ಟುಕೊಟ್ಟಿದ್ದಾರೆ. 9ನೇ ತರಗತಿ, 34 ಮಕ್ಕಳು.

ಮೊದಲ ದಿನ "ನಾಗರಿಕ ಅಂದರೆ ಯಾರು?" ಎಂದು ಕೇಳಿದೆ. ಪುಸ್ತಕದ ಎರಡೂವರೆ ಸಾಲು ಒಂದೇ ಉಸಿರಿಗೆ ಬಂತು. ಹಕ್ಕು ಎಷ್ಟು, ಕರ್ತವ್ಯ ಎಷ್ಟು, ಎಲ್ಲ ಪಟಪಟ. ಆಮೇಲೆ "ನಮ್ಮ ಪಂಚಾಯಿತಿ ಆಫೀಸ್ ಒಳಗೆ ಯಾರ್ಯಾರು ಕಾಲಿಟ್ಟಿದ್ದೀರಿ?" ಎಂದೆ. ಎದ್ದಿದ್ದು ಎರಡೇ ಕೈ. ಒಬ್ಬನ ಅಪ್ಪ ಅಲ್ಲಿ ನೀರುಗಂಟಿ, ಊಟದ ಡಬ್ಬಿ ಕೊಡಲು ಹೋಗುತ್ತಾನೆ. ಇನ್ನೊಬ್ಬಳು ಮಳೆ ಬಂದಾಗ ಅಲ್ಲಿನ ಜಗಲಿಯಲ್ಲಿ ನಿಂತಿದ್ದಳಂತೆ. ಆಫೀಸ್ ಇರುವುದು ಶಾಲೆಯಿಂದ ಕೂಗಳತೆ ದೂರದಲ್ಲಿ.

ಅವತ್ತಿಗೆ ಪಾಠ ಮಾಡುವುದನ್ನು ಬಿಟ್ಟೆ. "ಊರಲ್ಲಿ ನಿಮಗೆ ದಿನಾ ತೊಂದರೆ ಕೊಡುವ ಒಂದೇ ಒಂದು ಸಂಗತಿ ಹೇಳಿ" ಎಂದೆ. ಬಸ್ ಸ್ಟ್ಯಾಂಡಿನಿಂದ ಹುಡುಗಿಯರ ಹಾಸ್ಟೆಲ್ ಕಡೆ ಹೋಗುವ ದಾರಿಯಲ್ಲಿ ಮೂರು ಕಂಬ, ಒಂದರಲ್ಲೂ ದೀಪ ಇಲ್ಲ. ಸರಿ, ಅರ್ಜಿ ಬರೆಯಿರಿ ಎಂದೆ. ಆ ಮಕ್ಕಳಿಗೆ ಗೊತ್ತಿದ್ದುದು ರಜಾ ಚೀಟಿ ಒಂದೇ. "ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ" ಎಂದು ಶುರು ಮಾಡಿ, ಮುಂದೆ ಏನು ಬರೆಯಬೇಕೋ ತಿಳಿಯದೆ ಕೂತರು. ಹಿಂದಿನ ಬೆಂಚಿನವನೊಬ್ಬ "ಕಂಬಕ್ಕೆ ಜ್ವರ ಬಂದಿರುವುದರಿಂದ ಅಂತ ಬರೆಯೋಣ ಸಾರ್" ಎಂದ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಅರ್ಜಿ ಸಲೀಸಾಯಿತು. ಕಂಬದ ಮೇಲೆ ಬರೆದಿದ್ದ ನಂಬರ್ ನೋಡಿಕೊಂಡು ಬಂದರು, ಎಷ್ಟು ಗಂಟೆಗೆ ಕತ್ತಲಾಗುತ್ತದೆ, ಎಷ್ಟು ಜನ ಹುಡುಗಿಯರು ಓಡಾಡುತ್ತಾರೆ ಎಲ್ಲ ಬರೆದರು.

ಅರ್ಜಿ ಯಾವತ್ತೂ ಎರಡು ಪ್ರತಿ ಇರಬೇಕು, ನಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳದೆ ಬರಬಾರದು ಎಂದು ಹೇಳಿಕೊಟ್ಟಿದ್ದೆ. ಟಪಾಲಿನವನ ಬುದ್ಧಿ, ಬಿಡುತ್ತದೆಯೇ? ಐದು ಮಕ್ಕಳು ಅರ್ಜಿ ಹಿಡಿದು ಹೋದರು. ಆಫೀಸಿನಲ್ಲಿ "ಇಟ್ಟು ಹೋಗಿ ಮಕ್ಕಳೇ" ಎಂದರು. ನಾನು ಬೇಕಂತಲೇ ಹೊರಗೆ ನಿಂತಿದ್ದೆ. ಒಬ್ಬಳು "ಸೀಲು ಹಾಕಿಕೊಡಿ ಸಾರ್" ಎಂದಳು. ಸೀಲು ಬೀರುವಿನಲ್ಲಿದೆ, ಬೀಗದ ಕೈ ಇರುವವರು ಬಂದಿಲ್ಲ ಎಂಬ ಉತ್ತರ ಬಂತು. "ಪರವಾಗಿಲ್ಲ ಸಾರ್, ಕಾಯುತ್ತೇವೆ" ಎಂದು ಐದೂ ಜನ ಬೆಂಚಿನ ಮೇಲೆ ಕೂತುಬಿಟ್ಟರು. ಮುಕ್ಕಾಲು ಗಂಟೆಗೆ ಬೀಗದ ಕೈ ಬಂತು. ಹನ್ನೊಂದನೇ ದಿನ ದೀಪವೂ ಬಂತು.

ಎರಡು ತಿಂಗಳಿಗೆ ಮತ್ತೆ ಹೋಯಿತು, ಅದು ಬೇರೆ ಮಾತು.

ಈಗ ಹೊಸ ಬ್ಯಾಚ್ ಬಂದಿದೆ, ನನಗೊಂದು ಅನುಮಾನ ಕಾಡುತ್ತಿದೆ. ನಾನು ಇವರನ್ನು ಬರೀ ಅರ್ಜಿ ಬರೆಯುವವರನ್ನಾಗಿ ಮಾಡುತ್ತಿದ್ದೇನೆಯೇ? ಕೆಲಸ ಆಗದೇ ಇದ್ದಾಗ ಮಕ್ಕಳ ಮುಖಕ್ಕೆ ಏನು ಉತ್ತರ ಹೇಳುತ್ತೀರಿ? ಒಬ್ಬನೇ ಎಷ್ಟು ದಿನ ಅಂತ ಮಾಡುವುದು, ಜೊತೆಗೆ ಜನರನ್ನು ಹೇಗೆ ಸೇರಿಸಿಕೊಂಡಿರಿ? ದಯವಿಟ್ಟು ಹೇಳಿ.


ಕಪ್ಪು ಹಲಗೆ (ಕೊಪ್ಪಳ ಜಿಲ್ಲೆ), ಭಾನುವಾರ ಮಧ್ಯಾಹ್ನ

ಸರ್, ನಾನು ಸಮಾಜ ವಿಜ್ಞಾನದ ಶಿಕ್ಷಕ. ಮೊದಲು ಬೈಗುಳ, ಆಮೇಲೆ ಹೊಗಳಿಕೆ.

ನಮ್ಮ ಶಾಲೆಗೆ ವರ್ಷಕ್ಕೆ ಏಳೆಂಟು ತಂಡ ಬರುತ್ತವೆ. ಬ್ಯಾನರ್ ಕಟ್ಟುತ್ತಾರೆ, "ಮಕ್ಕಳೇ, ನೀವೇ ನಾಳಿನ ಪ್ರಜೆಗಳು" ಎನ್ನುತ್ತಾರೆ, ಬಿಸ್ಕತ್ ಹಂಚುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮತ್ತೆ ತಲೆ ಹಾಕುವುದಿಲ್ಲ. ನಮಗೆ ಒಂದು ಪೀರಿಯಡ್ ಹೋಯಿತು ಅಷ್ಟೇ. ನಾಳಿನ ಪ್ರಜೆ ಅನ್ನುವ ಮಾತೇ ನನಗೆ ಆಗಿಬರುವುದಿಲ್ಲ. ಇವತ್ತು ಅವರೇನು, ಅತಿಥಿಗಳೇ?

ಸ್ವಯಂಸೇವಕರು ಬರುವುದಾದರೆ ಜೂನ್‌ನಲ್ಲಿ ಬಂದು ವರ್ಷಪೂರ್ತಿ ಇರಬೇಕು. ಜನವರಿ ಆದ ಮೇಲೆ ಹತ್ತನೇ ತರಗತಿ ಕಡೆ ಬರಲೇಬಾರದು, ಎಸ್ಸೆಸ್ಸೆಲ್ಸಿ ತಲೆಬಿಸಿ. ಸರ್ಕಾರಿ ಶಾಲೆಗಳಲ್ಲಿ ತಿಂಗಳಿಗೊಂದು ಶನಿವಾರ ಬ್ಯಾಗ್ ಇಲ್ಲದ ದಿನ ಇದೆ, ಸಂಭ್ರಮ ಶನಿವಾರ. ಆ ದಿನ ಹಿಡಿದುಕೊಂಡರೆ ಮೇಷ್ಟ್ರುಗಳೂ ಮುಖ ಸಿಂಡರಿಸುವುದಿಲ್ಲ. ಮುಖ್ಯ ಶಿಕ್ಷಕರ ಬಳಿ ಮಾತಾಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಒಂದು ಮಾತು ಹಾಕಿ. ಎಸ್‌ಡಿಎಂಸಿ ಬಂದಿದ್ದು 2001ರಲ್ಲಿ. ಪಾಲಕರೇ ಅಲ್ಲಿ ಇರುವುದರಿಂದ ನಿಮ್ಮ ಕೆಲಸಕ್ಕೆ ಬೆಂಬಲ ಸಿಗುವುದೂ ಅಲ್ಲಿಂದಲೇ, ಅಡ್ಡಿ ಬರುವುದೂ ಅಲ್ಲಿಂದಲೇ.

ಇನ್ನು ನಮ್ಮ ಕಡೆಯ ಒಂದು ಸಂಗತಿ. ಶಾಲಾ ಸಂಸತ್ತಿನ ಚುನಾವಣೆ ಎಲ್ಲರೂ ಮಾಡುತ್ತಾರೆ. ನಾವೂ ಮೊಬೈಲ್‌ನಲ್ಲಿ ಮತಯಂತ್ರದ ಆ್ಯಪ್ ಹಾಕಿ, ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು ಹಾಕಿ ಮಾಡಿದೆವು. (ನಿಜವಾದ ಶಾಯಿ ಮೈಸೂರಿನ ಕಾರ್ಖಾನೆಯಿಂದ 1962ರಿಂದ ದೇಶಕ್ಕೆಲ್ಲ ಹೋಗುತ್ತಿದೆ ಎಂದಾಗ ಮಕ್ಕಳಿಗೆ ಏನೋ ಹೆಮ್ಮೆ, ತಾವೇ ತಯಾರಿಸಿದ ಹಾಗೆ.) ವೋಟು ಹಾಕಿದವರ ಪಟ್ಟಿಯಲ್ಲಿ 118 ಹೆಸರು, ಮೊಬೈಲ್‌ನಲ್ಲಿ 119 ವೋಟು. ಒಂದು ವೋಟಿನಿಂದ ಸೋತ ಹುಡುಗ ಎದ್ದು ನಿಂತ. "ಸರ್, ಇದು ತಾಳೆ ಆಗುತ್ತಿಲ್ಲ" ಎಂದ. ನಾನು "ಹೋಗಲಿ ಬಿಡೋ" ಅನ್ನಬೇಕು ಅಂದುಕೊಂಡೆ, ಬಾಯಿ ತನಕ ಬಂದಿತ್ತು. ಅನ್ನಲಿಲ್ಲ. ಚೀಟಿ ಹಾಕಿ ಮತ್ತೆ ಚುನಾವಣೆ ಮಾಡಿದೆವು. ಅವನು ಮತ್ತೆ ಸೋತ, ಈ ಸಲ ಒಂಬತ್ತು ವೋಟಿನಿಂದ. ಆದರೆ ಗೆದ್ದವಳ ಕೈ ಕುಲುಕಿ ಹೋದ. ಆ ದಿನ ಕಲಿತಿದ್ದನ್ನು ನಾನು ಹತ್ತು ಪಾಠದಲ್ಲಿ ಕಲಿಸಲಾರೆ.


ಬೇವಿನಕಾಯಿ, ಭಾನುವಾರ ಸಂಜೆ

ಕ್ಷಮಿಸಿ, ಒಬ್ಬನಾದರೂ ಇದನ್ನು ಹೇಳಬೇಕು. ದೊಡ್ಡವರು ಕೊಟ್ಟ ಅರ್ಜಿಗೇ ಬೆಲೆ ಇಲ್ಲ. ಮಕ್ಕಳ ಕೈಯಲ್ಲಿ ಬರೆಸಿ, ಆಫೀಸಿನ ಬಾಗಿಲಲ್ಲಿ ಕೂರಿಸಿ, ಕೊನೆಗೆ ಏನೂ ಆಗದೆ ಅವರಿಗೆ ಕಲಿಸುವುದು ಬರೀ ನಿರಾಸೆ. ಅದೇ ಶನಿವಾರ ಕಂಪ್ಯೂಟರ್ ಹೇಳಿಕೊಡಿ, ಇಂಗ್ಲಿಷ್ ಹೇಳಿಕೊಡಿ. ಹೊಟ್ಟೆಗೆ ದಾರಿ ಆಗುತ್ತದೆ. ಸುಮ್ನೆ ಸಂವಿಧಾನದ ಪೀಠಿಕೆ ಓದಿಸಿದರೆ ಕೆಲಸ ಸಿಗುತ್ತದೆಯೇ? 2023ರ ಸೆಪ್ಟೆಂಬರ್ 15ಕ್ಕೆ ರಾಜ್ಯದಲ್ಲೆಲ್ಲ ಒಟ್ಟಿಗೆ ಓದಿಸಿದರು. ಮಾರನೆಯ ದಿನ ಏನು ಬದಲಾಯಿತು?


ನಿವೃತ್ತ ಟಪಾಲು, ಭಾನುವಾರ ರಾತ್ರಿ

ಬೇವಿನಕಾಯಿ ಅವರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಅದಕ್ಕೇ ಕೇಳಿದ್ದು. ಕಂಪ್ಯೂಟರ್ ನನಗೇ ಬರುವುದಿಲ್ಲ, ಇದನ್ನು ಟೈಪ್ ಮಾಡಿಕೊಟ್ಟಿದ್ದು ಮೊಮ್ಮಗಳು.


ಠರಾವು ಪುಸ್ತಕ, ಸೋಮವಾರ ಬೆಳಿಗ್ಗೆ

ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಯಾವ ತಾಲ್ಲೂಕು ಎಂದು ಕೇಳಬೇಡಿ. ಟೇಬಲ್ಲಿನ ಆ ಕಡೆ ಕೂತವರ ಮಾತನ್ನೂ ಕೇಳಿ.

ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮ ಸಭೆ ನಡೆಸಬೇಕು ಎಂದು ಸರ್ಕಾರದ ಸುತ್ತೋಲೆ ಬಂದಿದ್ದು 2006ರಲ್ಲಿ. ಬೇರೆ ರಾಜ್ಯದವರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. ವರ್ಷಕ್ಕೊಂದು ಸಲ ಅಧ್ಯಕ್ಷರು, ಸದಸ್ಯರು, ಆಶಾ, ಅಂಗನವಾಡಿ, ಶಾಲೆಯವರು ಎಲ್ಲ ಕೂತು ಮಕ್ಕಳ ಮಾತು ಕೇಳಬೇಕು. ಕಾಗದದ ಮೇಲೆ ಬಹಳ ಚೆಂದ. ನಿಜದಲ್ಲಿ ಏನಾಗುತ್ತದೆ? ನವೆಂಬರ್ ಬಂತು ಎಂದಾಗ ಶಾಮಿಯಾನ, ಒಂದು ಗುಲಾಬಿ, ಸ್ವಾಗತ ಭಾಷಣ, ಹಾರ, ತುರಾಯಿ. ಹನ್ನೊಂದೂವರೆಗೆ ಶುರುವಾಗಿದ್ದರಲ್ಲಿ ಮಕ್ಕಳಿಗೆ ಸಿಗುವುದು ಕೊನೆಯ ಇಪ್ಪತ್ತು ನಿಮಿಷ. ಅದರಲ್ಲಿ ಏಳು ಶಾಲೆಯ ಮಕ್ಕಳು ಬಂದು, ಮೇಷ್ಟ್ರು ಬರೆದುಕೊಟ್ಟ ಚೀಟಿ ಓದುತ್ತಾರೆ. ಏಳರಲ್ಲೂ ಅದೇ: ಕಾಂಪೌಂಡ್ ಬೇಕು, ಶೌಚಾಲಯ ಬೇಕು, ಶಿಕ್ಷಕರು ಬೇಕು. ನಾನು "ಪರಿಶೀಲಿಸಲಾಗುವುದು" ಎಂದು ಬರೆದುಕೊಳ್ಳುತ್ತೇನೆ. ಊಟ.

ಶಿಕ್ಷಕರನ್ನು ಕೊಡುವುದು ಪಂಚಾಯಿತಿ ಕೈಲಿಲ್ಲ. ಬೀದಿ ದೀಪ, ಕುಡಿಯುವ ನೀರು, ಚರಂಡಿ ನಮ್ಮ ಕೈಲಿದೆ. ಕಾಂಪೌಂಡ್, ಆಟದ ಮೈದಾನವನ್ನು ನರೇಗಾ ಕ್ರಿಯಾ ಯೋಜನೆಗೆ ಸೇರಿಸಿ ಎಷ್ಟೋ ಪಂಚಾಯಿತಿಗಳು ಮಾಡಿಸಿವೆ. ಆದರೆ ಯೋಜನೆ ತಯಾರಾಗುವ ಹೊತ್ತಿಗೆ ಕೇಳಬೇಕು. ಎಲ್ಲ ಮುಗಿದ ಮೇಲೆ ಕೇಳಿದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಹಾಗಾಗಿ ಟಪಾಲು ಸರ್, ಸ್ವಯಂಸೇವಕರು ಮಾಡಬಹುದಾದ ದೊಡ್ಡ ಉಪಕಾರ ಸಭೆಯ ದಿನದ್ದಲ್ಲ. ಹದಿನೈದು ದಿನ ಮೊದಲು ಮಕ್ಕಳನ್ನು ಕೂರಿಸಿ, ಯಾವ ಬೇಡಿಕೆ ಯಾರ ಬಾಗಿಲಿಗೆ ಎಂದು ವಿಂಗಡಿಸಿ. ನೀವು ಟಪಾಲು ವಿಂಗಡಿಸುತ್ತಿದ್ದ ಹಾಗೆಯೇ. ತಪ್ಪು ವಿಳಾಸಕ್ಕೆ ಹಾಕಿದ ಕಾಗದ ತಿರುಗಿ ಬರುತ್ತದೆ ಅಲ್ವಾ?

ಇನ್ನೊಂದು ಗುಟ್ಟು. ಸಭೆ ಶುರುವಾದ ತಕ್ಷಣ ಒಂದು ಮಗು ಎದ್ದು, "ಸರ್, ಹೋದ ವರ್ಷದ ಅನುಪಾಲನಾ ವರದಿ ಮೊದಲು ಓದಿ" ಎನ್ನಬೇಕು. ಅಷ್ಟೇ. ನನ್ನ ಪಂಚಾಯಿತಿಯಲ್ಲಿ ಒಂದು ಹುಡುಗಿ ಹಾಗೆ ಕೇಳಿದಳು. ನಾನು ಬೆವತುಹೋದೆ. ಹೋದ ವರ್ಷದ 14 ಬೇಡಿಕೆಯಲ್ಲಿ ಮೂರು ಆಗಿತ್ತು, ಐದು ನಮ್ಮ ವ್ಯಾಪ್ತಿಯದ್ದಲ್ಲ, ಉಳಿದ ಆರನ್ನು ನಾನು ಮರೆತೇಬಿಟ್ಟಿದ್ದೆ. ಅದನ್ನೇ ಹೇಳಿದೆ. ಮಕ್ಕಳು ಕೋಪ ಮಾಡಿಕೊಳ್ಳಲಿಲ್ಲ. ನಾಲ್ಕು ತಿಂಗಳಲ್ಲಿ ಆ ಆರರಲ್ಲಿ ನಾಲ್ಕು ಮಾಡಿಸಿದೆ, ಮುಂದಿನ ವರ್ಷ ಅದೇ ಹುಡುಗಿ ಬರುತ್ತಾಳೆ ಎನ್ನುವ ಭಯಕ್ಕೆ. ಮಂತ್ರಿಗಳು ಬಂದು ಹೋದರೆ ಇಷ್ಟು ಭಯ ಆಗುವುದಿಲ್ಲ ನನಗೆ.


ಕಾಲುಸಂಕ (ಕುಂದಾಪುರ), ಸೋಮವಾರ ಮಧ್ಯಾಹ್ನ

ಪಿಡಿಒ ಸರ್ ಹೇಳಿದ್ದಕ್ಕೆ ನಮ್ಮೂರಿನದು ಸ್ವಲ್ಪ ಸೇರಿಸುತ್ತೇನೆ. ಆ 2006ರ ಸುತ್ತೋಲೆ ಆಕಾಶದಿಂದ ಬಿದ್ದದ್ದಲ್ಲ. ನಮ್ಮ ಕುಂದಾಪುರ ತಾಲ್ಲೂಕಿನಲ್ಲಿ 90ರ ದಶಕದಲ್ಲೇ ಮಕ್ಕಳ ಪಂಚಾಯಿತಿ ಇತ್ತು. ದುಡಿಯುವ ಮಕ್ಕಳ ಭೀಮ ಸಂಘ ಶುರುವಾಗಿದ್ದು 1990ರಲ್ಲಿ. ಶಾಲೆ ಬಿಟ್ಟು ಹೋಟೆಲು, ಮನೆಗೆಲಸ ಅಂತ ದುಡಿಯುತ್ತಿದ್ದ ಮಕ್ಕಳೇ ಸಂಘ ಕಟ್ಟಿಕೊಂಡು ಪಂಚಾಯಿತಿಯ ಮುಂದೆ ಮಾತಾಡಿದ್ದು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಗೆ ಭಾರತ ಒಪ್ಪಿಗೆ ಹಾಕಿದ್ದೇ 1992ರ ಡಿಸೆಂಬರ್‌ನಲ್ಲಿ. ಅದರ 12ನೇ ವಿಧಿಯಲ್ಲಿ ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಬೇಕು ಎಂದಿದೆ. ನಮ್ಮ ಹುಡುಗರು ಆ ವಿಧಿ ಓದಿರಲಿಲ್ಲ, ಆದರೂ ಮಾತಾಡುತ್ತಿದ್ದರು.

ನಾನು ಈಗ ಒಂದು ಶಾಲೆಯಲ್ಲಿ ಮಳೆಗಾಲಕ್ಕೆ ಮುಂಚೆ ಎರಡು ತಿಂಗಳು ಕೆಲಸ ಮಾಡುತ್ತೇನೆ. ಇಲ್ಲಿ ತೋಡು ದಾಟಲು ಅಡಕೆ ಮರದ ಕಾಲುಸಂಕ. "ಸೇತುವೆ ಬೇಕು" ಎಂದು ಎಲ್ಲರೂ ಬರೆಯುತ್ತಾರೆ, ಯಾರೂ ಓದುವುದಿಲ್ಲ. ನಾವು ಏನು ಮಾಡಿದೆವು ಎಂದರೆ, ಆರು ಮಕ್ಕಳು ಪಾಳಿ ಹಾಕಿಕೊಂಡು, ದೊಡ್ಡವರೊಬ್ಬರ ಜೊತೆ, ಬೆಳಿಗ್ಗೆ ಏಳರಿಂದ ಒಂಬತ್ತೂವರೆ ತನಕ ಒಂದು ವಾರ ಸಂಕದ ಹತ್ತಿರ ಕೂತರು. ದಾಟಿದವರಿಗೆಲ್ಲ ಗೆರೆ. ಐದಕ್ಕೊಂದು ಅಡ್ಡಗೆರೆ. ಶಾಲೆ ಮಕ್ಕಳಿಗೆ ಒಂದು ಕಾಲಂ, ಹಾಲಿನ ಕ್ಯಾನ್ ಹೊತ್ತವರಿಗೆ ಒಂದು, ಹೊಟ್ಟೆಯಲ್ಲಿ ಮಗು ಇರುವ ಹೆಂಗಸರಿಗೆ ಒಂದು. ಆ ಮೂರನೇ ಕಾಲಂ ಮಕ್ಕಳೇ ಸೇರಿಸಿದ್ದು, ನನಗೆ ಹೊಳೆದಿರಲಿಲ್ಲ. ಆ ಹಾಳೆ ಇಟ್ಟ ಮೇಲೆ ಸಭೆಯಲ್ಲಿ ಯಾರೂ "ನೋಡೋಣ" ಅನ್ನಲಿಲ್ಲ. ಸಂಕಕ್ಕೆ ಕೈಹಿಡಿ ಬಂತು. ಸೇತುವೆ ಇನ್ನೂ ಬಂದಿಲ್ಲ. ಮಾಪು ತೆಗೆದುಕೊಂಡು ಹೋಗಿದ್ದಾರೆ.

ಬೇವಿನಕಾಯಿ ಅವರಿಗೆ: ಲೆಕ್ಕ ಹಾಕುವುದು, ಪಟ್ಟಿ ಮಾಡುವುದು, ನಾಲ್ಕು ಜನರ ಮುಂದೆ ನಿಂತು ಹೇಳುವುದು, ಇದೂ ಹೊಟ್ಟೆಗೆ ದಾರಿ ಆಗುತ್ತದೆ ಮಾರಾಯ್ರೆ.


ಎರಡನೇ ಅಡ್ಡರಸ್ತೆ (ಬೆಂಗಳೂರು), ಸೋಮವಾರ ರಾತ್ರಿ

ಹಳ್ಳಿಯವರು ಪುಣ್ಯವಂತರು ಅನಿಸಿತು. ಕಡೇಪಕ್ಷ ಹೋಗಲು ಒಂದು ಪಂಚಾಯಿತಿ ಇದೆ. ನಾನು ಸಾಫ್ಟ್‌ವೇರ್‌ನವನು, ಇಬ್ಬರು ಸ್ನೇಹಿತರ ಜೊತೆ ಒಂದು ಸರ್ಕಾರಿ ಶಾಲೆಗೆ ಹೋಗುತ್ತೇನೆ. ಇಲ್ಲಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. "ನಿಮ್ಮ ವಾರ್ಡಿನ ಪ್ರತಿನಿಧಿ ಯಾರು?" ಎಂದು ಕೇಳಿದರೆ ಮಗು ಸುಮ್ಮನೆ ನೋಡುತ್ತಿತ್ತು. ಉತ್ತರ ನನಗೂ ಗೊತ್ತಿರಲಿಲ್ಲ, ಏಕೆಂದರೆ ಉತ್ತರವೇ ಇರಲಿಲ್ಲ. ಪಠ್ಯದಲ್ಲಿ ಇರುವುದು ಬೀದಿಯಲ್ಲಿ ಇಲ್ಲದಿದ್ದರೆ ಹೇಗೆ ಕಲಿಸುವುದು?

ಕೊನೆಗೆ ಒಂದು ಆಟ ಮಾಡಿದೆವು. ಶಾಲೆಯ ಮುಂದಿನ ರಸ್ತೆ, ಬರೀ ಇನ್ನೂರು ಮೀಟರ್. ಚಾರ್ಟ್ ಹಾಳೆಯಲ್ಲಿ ಬರೆದು, ಕಣ್ಣಿಗೆ ಬಿದ್ದದ್ದೆಲ್ಲ ಯಾರದ್ದು ಎಂದು ಬಣ್ಣ ಹಚ್ಚಬೇಕು. ಟ್ರಾನ್ಸ್‌ಫಾರ್ಮರ್ ಬೆಸ್ಕಾಂ, ಮ್ಯಾನ್‌ಹೋಲ್ ಜಲಮಂಡಳಿ, ಫುಟ್‌ಪಾತ್ ಪಾಲಿಕೆ, ಬಸ್ಸು ಬಿಎಂಟಿಸಿ, ಸಿಗ್ನಲ್ ಸಂಚಾರ ಪೊಲೀಸ್. ಮಳೆ ನೀರಿನ ಮೋರಿ ಮತ್ತು ಕೊಳಚೆ ನೀರಿನ ಪೈಪು ಬೇರೆ ಬೇರೆ ಇಲಾಖೆಯದ್ದು ಎಂದು ನನಗೇ ಆ ದಿನ ಸರಿಯಾಗಿ ತಿಳಿದದ್ದು. ತಳ್ಳುಗಾಡಿಯ ಅಂಕಲ್‌ಗೆ ಯಾವ ಬಣ್ಣ ಎಂದು ಜಗಳ ಬಂತು. ಒಬ್ಬ "ಅವರು ಯಾರದ್ದೂ ಅಲ್ಲ, ಓಡಿಸಬೇಕು" ಎಂದ. ಇನ್ನೊಬ್ಬಳು "ಅವರು ನಮ್ಮಪ್ಪ" ಎಂದಳು. ನಾನು ಅಲ್ಲಿಗೆ ಪೀರಿಯಡ್ ಮುಗಿಸಿ, ಮುಂದಿನ ವಾರ ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಓದಿಕೊಂಡು ಹೋದೆ.


ಗಿರಿಜಮ್ಮನ ಸೊಸೆ (ಶಿವಮೊಗ್ಗ), ಮಂಗಳವಾರ ಬೆಳಿಗ್ಗೆ

ಎಲ್ಲರೂ ಒಳ್ಳೆಯ ಮಾತು ಹೇಳಿದ್ದೀರಿ, ಆದರೆ ಒಂದು ವಿಷಯ ಯಾರೂ ಎತ್ತಲಿಲ್ಲ. ಗಂಡಸರು ಜಾಸ್ತಿ ಇದ್ದೀರಿ ಅಂತ ಇರಬೇಕು.

"ಯಾರು ಮಾತಾಡುತ್ತೀರಿ?" ಎಂದು ಕೇಳಿದರೆ ಯಾವಾಗಲೂ ಅದೇ ನಾಲ್ಕು ಜನ. ಮೇಷ್ಟ್ರ ಮಗ, ಮೆಂಬರ್ ಮಗಳು, ಭಾಷಣ ಸ್ಪರ್ಧೆಯಲ್ಲಿ ಗೆದ್ದವರು. ಕೊನೆಯ ಸಾಲಿನಲ್ಲಿ ಕೂತ ಹುಡುಗಿ, ಕೇರಿಯಿಂದ ಬರುವವಳು, ಬಾಯಿ ಬಿಡುವುದೇ ಇಲ್ಲ. ನಾನು ಕೈ ಎತ್ತಿಸುವುದನ್ನು ಬಿಟ್ಟು ಚೀಟಿ ಶುರು ಮಾಡಿದೆ. ಹಳೆಯ ಹಾರ್ಲಿಕ್ಸ್ ಡಬ್ಬಿ, ಮುಚ್ಚಳಕ್ಕೆ ಒಂದು ಸೀಳು. ಹೆಸರು ಬರೆಯಬೇಕಿಲ್ಲ. ಮೊದಲ ವಾರ 41 ಚೀಟಿ. ಅದರಲ್ಲಿ 17 ಒಂದೇ ವಿಷಯ: ಶೌಚಾಲಯದ ಬಾಗಿಲಿಗೆ ಒಳಗಡೆ ಚಿಲಕ ಇಲ್ಲ. ಒಂದು ವರ್ಷದಿಂದ ಇಬ್ಬಿಬ್ಬರು ಜೋಡಿಯಾಗಿ ಹೋಗುತ್ತಿದ್ದರಂತೆ, ಒಬ್ಬಳು ಬಾಗಿಲು ಹಿಡಿದುಕೊಳ್ಳಲು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮುಖ್ಯ ಶಿಕ್ಷಕರು ಅದೇ ದಿನ ಸಂಜೆ ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ ತರಿಸಿದರು. ಇದಕ್ಕೆ ಸಭೆಯೂ ಬೇಡ, ಠರಾವೂ ಬೇಡ.

ಆದರೆ ಆ ಡಬ್ಬಿಯಲ್ಲಿ ಬೇರೆ ತರಹದ ಚೀಟಿಯೂ ಬರಬಹುದು. ನನಗೆ ಒಂದು ಬಂತು. ಅಂಥದ್ದು ಬಂದರೆ ನೀವೇ ಪತ್ತೇದಾರಿ ಮಾಡಲು ಹೋಗಬೇಡಿ, ತರಗತಿಯಲ್ಲಿ ಕೇಳಬೇಡಿ, ಮನೆಯವರಿಗೆ ಫೋನ್ ಮಾಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದ ಮೇಲೆ ತಿಳಿಸದೇ ಇರುವುದೇ ಅಪರಾಧ. ಸ್ವಯಂಸೇವೆಗೆ ಹೊರಡುವ ಮುಂಚೆ ಇಷ್ಟಾದರೂ ತಿಳಿದಿರಬೇಕು. ಮತ್ತೆ, ಯಾವ ಮಗುವಿನ ಜೊತೆಗೂ ಒಬ್ಬರೇ ಕೋಣೆಯಲ್ಲಿ ಕೂರಬೇಡಿ. ಒಬ್ಬ ಶಿಕ್ಷಕಿ ಅಥವಾ ಇನ್ನೊಬ್ಬ ಸ್ವಯಂಸೇವಕರು ಜೊತೆಗಿರಲಿ. ಮಕ್ಕಳ ಫೋಟೋವನ್ನು ಸ್ಟೇಟಸ್‌ಗೆ ಹಾಕಬೇಡಿ. ಟಪಾಲು ಅಣ್ಣ, ನಿಮ್ಮ ಬಗ್ಗೆ ಅಲ್ಲ, ಎಲ್ಲರಿಗೂ ಹೇಳುತ್ತಿದ್ದೇನೆ.


ನಿವೃತ್ತ ಟಪಾಲು, ಮಂಗಳವಾರ ಬೆಳಿಗ್ಗೆ

ಅಕ್ಕ, ನನಗೂ ಹೇಳಿದ್ದು ಒಳ್ಳೆಯದೇ ಆಯಿತು. ನಾನು ಒಬ್ಬನೇ ಹೋಗುತ್ತಿದ್ದೆ, ಮೇಷ್ಟ್ರು ಆ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಇರುತ್ತಾರೆ. ಈ ವಾರದಿಂದ ಕೂರಲು ಕೇಳಿಕೊಳ್ಳುತ್ತೇನೆ.


ಥೇಮ್ಸ್ ದಂಡೆ (ಇಂಗ್ಲೆಂಡ್), ಮಂಗಳವಾರ ಸಂಜೆ

ಮೂಲ ಹಾಸನ, ಇಪ್ಪತ್ತು ವರ್ಷದಿಂದ ಇಲ್ಲಿ. ಇಂಗ್ಲೆಂಡಿನಲ್ಲಿ ನಾಗರಿಕತ್ವ ಶಿಕ್ಷಣ 2002ರಿಂದ ಸೆಕೆಂಡರಿ ಶಾಲೆಗಳಲ್ಲಿ ಕಡ್ಡಾಯ ವಿಷಯ. 1998ರಲ್ಲಿ ಬರ್ನಾರ್ಡ್ ಕ್ರಿಕ್ ಅವರ ಸಮಿತಿ ಕೊಟ್ಟ ವರದಿಯ ಫಲ. ಕೇಳಲು ಭರ್ಜರಿ. ನನ್ನ ಮಗನ ಶಾಲೆಯಲ್ಲಿ ವರ್ಷಕ್ಕೆ ಆರು ತಾಸು, ಅದೂ ಬೇರೆ ಯಾವುದೋ ಮೇಷ್ಟ್ರಿಗೆ ಪುರುಸೊತ್ತಿದ್ದಾಗ. ಕಡ್ಡಾಯ ಮಾಡಿದ ತಕ್ಷಣ ಆಯಿತು ಅಂತಲ್ಲ, ಇಲ್ಲೂ ಅದೇ ಕಥೆ.

ಆದರೆ ಇಲ್ಲಿ ನನಗೆ ಹಿಡಿಸಿದ್ದು ಒಂದಿದೆ. ಪ್ರತಿ ಸರ್ಕಾರಿ ಶಾಲೆಗೂ ಗವರ್ನರ್‌ಗಳ ಮಂಡಳಿ ಇರುತ್ತದೆ, ಎಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಸಾಮಾನ್ಯವಾಗಿ ನಾಲ್ಕು ವರ್ಷದ ಅವಧಿ. ನಾನೂ ಒಂದು ಅವಧಿ ಇದ್ದೆ. ಒಬ್ಬ ಪ್ಲಂಬರ್, ಒಬ್ಬ ನರ್ಸ್, ನಾನು, ಎಲ್ಲ ಕೂತು ಶಾಲೆಯ ಬಜೆಟ್ ನೋಡುತ್ತಿದ್ದೆವು. ನಾಲ್ಕು ವರ್ಷದ ಅವಧಿ ಎಂದಾಗ ಜನ ಯೋಚಿಸಿಯೇ ಒಪ್ಪಿಕೊಳ್ಳುತ್ತಾರೆ. ಕಪ್ಪು ಹಲಗೆ ಸರ್ ಹೇಳಿದ್ದು ಅದೇ ಅಲ್ವಾ? ಇನ್ನು ಸ್ಕಾಟ್ಲೆಂಡಿನಲ್ಲಿ 2014ರ ಜನಮತಗಣನೆಯಲ್ಲಿ 16 ವರ್ಷದವರೂ ವೋಟು ಹಾಕಿದರು. ಶಾಲೆ ಬ್ಯಾಗು ಹಾಕಿಕೊಂಡೇ ಬೂತಿಗೆ ಹೋಗಬಹುದು ಎಂದರೆ ತರಗತಿಯ ಮಾತುಕತೆಯ ಬಿಸಿಯೇ ಬೇರೆ.


ಹತ್ತೊಂಬತ್ತು, ಮಂಗಳವಾರ ರಾತ್ರಿ

ನಮಸ್ತೆ. ನಾನು ಈಗ ಪದವಿ ಎರಡನೇ ವರ್ಷ. ಹೈಸ್ಕೂಲಿನಲ್ಲಿದ್ದಾಗ ನಮ್ಮ ಶಾಲೆಗೂ ಒಬ್ಬರು ಮೇಡಂ ಹೀಗೇ ಬರುತ್ತಿದ್ದರು. ಆ ಕಡೆ ಕೂತಿದ್ದವಳಾಗಿ ಎರಡು ಮಾತು ಹೇಳಲೇ?

ಅವರು ಹೇಳಿದ ಭಾಷಣ ಯಾವುದೂ ನೆನಪಿಲ್ಲ, ನಿಜ ಹೇಳುತ್ತೇನೆ. ಸಂವಿಧಾನದಲ್ಲಿ ಎಷ್ಟು ವಿಧಿ, ಎಷ್ಟು ಅನುಸೂಚಿ, ಎಲ್ಲ ಮರೆತಿದೆ. ನೆನಪಿರುವುದು ಒಂದೇ. ಮಕ್ಕಳ ಗ್ರಾಮ ಸಭೆಯಲ್ಲಿ ನನಗೆ ಮೈಕ್ ಕೊಟ್ಟಾಗ ಕೈ ನಡುಗಿ, ಮಾತು ನಿಂತುಹೋಯಿತು. ಯಾರೋ ನಕ್ಕರು. ಮೇಡಂ ವೇದಿಕೆ ಮೇಲೆ ಬಂದು ನನ್ನ ಚೀಟಿ ತೆಗೆದುಕೊಂಡು ಓದಿಬಿಡಬಹುದಿತ್ತು. ಓದಲಿಲ್ಲ. ಒಂದು ಲೋಟ ನೀರು ತಂದುಕೊಟ್ಟು ಕೆಳಗೆ ಹೋಗಿ ಕೂತರು. ಇಡೀ ಸಭೆ ಸುಮ್ಮನೆ ಕಾಯಿತು. ಎಷ್ಟು ಹೊತ್ತೋ ಗೊತ್ತಿಲ್ಲ, ನನಗಂತೂ ಒಂದು ವರ್ಷ ಅನಿಸಿತು. ಆಮೇಲೆ ಹೇಳಿದೆ. ನಮ್ಮ ಬಸ್ಸು 4:15ಕ್ಕೆ ಹೋಗುತ್ತದೆ, ಶಾಲೆ ಬಿಡುವುದು 4:20ಕ್ಕೆ. ಅಷ್ಟೇ ನನ್ನ ಬೇಡಿಕೆ.

ಬಸ್ಸಿನ ಸಮಯ ಬದಲಾಗಲಿಲ್ಲ. ಶಾಲೆಯವರೇ ಆ ಬಸ್ಸಿನ ಮಕ್ಕಳನ್ನು ಹತ್ತು ನಿಮಿಷ ಮುಂಚೆ ಬಿಡಲು ಶುರು ಮಾಡಿದರು. ನನಗೆ ಅದು ಗೆದ್ದ ಹಾಗೂ ಇಲ್ಲ, ಸೋತ ಹಾಗೂ ಇಲ್ಲ ಅನಿಸಿತ್ತು.

ಇನ್ನೊಂದು, ನಿಮ್ಮಲ್ಲಿ ಪಿಯುಸಿ ಮಕ್ಕಳ ಜೊತೆ ಕೆಲಸ ಮಾಡುವವರಿಗೆ. 17 ತುಂಬಿದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮುಂಚಿತವಾಗಿಯೇ ನಮೂನೆ 6 ಕೊಡಬಹುದು. 18 ತುಂಬಿದೆಯೇ ಎಂದು ನೋಡಲು ಮೊದಲು ಜನವರಿ 1 ಒಂದೇ ಅರ್ಹತಾ ದಿನ ಇತ್ತು, 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಸೇರಿದೆ. ನನ್ನ ಕ್ಲಾಸಿನ ಮುಕ್ಕಾಲು ಜನಕ್ಕೆ ಇದು ಗೊತ್ತೇ ಇರಲಿಲ್ಲ. ನಾನು ಈಗ ನಮ್ಮ ಕಾಲೇಜಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಬೆಂಚು ಹಾಕಿಕೊಂಡು ಕೂರುತ್ತೇನೆ, ಮೊಬೈಲ್‌ನಲ್ಲೇ ತುಂಬಿಸುತ್ತೇನೆ. ಹುಡುಗಿಯರು ಕೇಳುವ ಪ್ರಶ್ನೆ ಒಂದೇ: "ಮದುವೆ ಆಗಿ ಊರು ಬಿಟ್ಟರೆ?" ವಿಳಾಸ ಬದಲಿಸಲು ನಮೂನೆ 8 ಇದೆ ಎನ್ನುತ್ತೇನೆ.


ಬೇವಿನಕಾಯಿ, ಬುಧವಾರ ಬೆಳಿಗ್ಗೆ

ಹತ್ತೊಂಬತ್ತು ತಂಗಿ, ಚೆನ್ನಾಗಿ ಬರೆದಿದ್ದೀರಿ. ಆದರೂ ನನ್ನ ಒಂದು ಪ್ರಶ್ನೆ ಉಳಿದಿದೆ. ನಾಳೆ ಇದೇ ಹೆಸರಲ್ಲಿ ಪಕ್ಷದವರು ಶಾಲೆಗೆ ನುಗ್ಗಿದರೆ? ನಮ್ಮೂರಲ್ಲಿ ಒಬ್ಬ "ಸ್ವಯಂಸೇವಕ" ಬರುತ್ತಿದ್ದ. ಮೂರು ತಿಂಗಳಾದ ಮೇಲೆ ನೋಡಿದರೆ ಪಂಚಾಯಿತಿ ಚುನಾವಣೆಗೆ ನಿಂತಿದ್ದ. ಕರಪತ್ರದಲ್ಲಿ ಮಕ್ಕಳ ಜೊತೆ ಅವನ ಫೋಟೋ.


ಕಪ್ಪು ಹಲಗೆ, ಬುಧವಾರ ಮಧ್ಯಾಹ್ನ

ನ್ಯಾಯವಾದ ಪ್ರಶ್ನೆ. ನಮ್ಮ ಶಾಲೆಯಲ್ಲಿ ಎಸ್‌ಡಿಎಂಸಿ ಒಂದು ನಿಯಮ ಬರೆದಿಟ್ಟಿದೆ: ಯಾವ ಪಕ್ಷದ ಪದಾಧಿಕಾರಿಯೂ ಬೇಡ, ಶಾಲು, ಬ್ಯಾಡ್ಜು ಬೇಡ, ಪಂಚಾಯಿತಿ ಚುನಾವಣೆಯ ವರ್ಷ ಹೊಸಬರನ್ನು ಸೇರಿಸಿಕೊಳ್ಳುವುದೇ ಬೇಡ. ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಮಕ್ಕಳೇ. ಒಬ್ಬರು ಬಂದು ಒಂದು ಪಕ್ಷದ ಯೋಜನೆಯನ್ನು ಹೊಗಳುತ್ತಿದ್ದಾಗ ಎಂಟನೇ ತರಗತಿಯ ಹುಡುಗಿ "ಸರ್, ಇದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ?" ಎಂದಳು. ಅವರಿಗೆ ಕೆಮ್ಮು ಬಂತು.

ರಾಜಕೀಯ ಮಾತಾಡಲೇಬಾರದು ಎಂದು ಮಾತ್ರ ಹೇಳಬೇಡಿ. ಊರಿನ ನೀರು ಯಾವ ಕೇರಿಗೆ ಮೊದಲು ಬಿಡುತ್ತಾರೆ ಎಂಬುದೂ ರಾಜಕೀಯವೇ.


ಠರಾವು ಪುಸ್ತಕ, ಬುಧವಾರ ರಾತ್ರಿ

ಒಂದು ಮಾತು ಬಿಟ್ಟುಹೋಗಿತ್ತು. ಶಾಲೆಯಲ್ಲಿ ಜಾಗ ಸಿಗದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಎನ್ನುತ್ತೇವೆ. 2020ರ ನವೆಂಬರ್ 14ಕ್ಕೆ 'ಓದುವ ಬೆಳಕು' ಶುರುವಾದಾಗಿನಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಭಾನುವಾರ ಸಂಜೆ ಬೇಕಾದರೆ ಅಲ್ಲೇ ಕೂರಿಸಿ. ಅಲ್ಲಿಗೆ ಶಾಲೆ ಬಿಟ್ಟ ಹುಡುಗರೂ ಬರುತ್ತಾರೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹದಿನಾರರ ಹುಡುಗನೂ ಈ ಊರಿನವನೇ ತಾನೆ? ಶಾಲೆಗೆ ಮಾತ್ರ ಹೋದರೆ ಅವನು ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ.


ನಿವೃತ್ತ ಟಪಾಲು, ಶನಿವಾರ ಮಧ್ಯಾಹ್ನ

ಎಲ್ಲರಿಗೂ ಶರಣು. ಇವತ್ತಿನ ವರದಿ ಕೊಡುತ್ತೇನೆ.

ಮೇಷ್ಟ್ರು ಬಂದು ಕೂತರು. ಚೀಟಿ ಡಬ್ಬಿ ಇಟ್ಟೆ, ನಮ್ಮದು ಅವಲಕ್ಕಿ ಡಬ್ಬಿ. 29 ಚೀಟಿ. ವಿಂಗಡಣೆಗೆ ಹಳೆಯ ಅಂಚೆ ಕಚೇರಿಯ ರೀತಿಯಲ್ಲೇ ರಟ್ಟಿನ ಗೂಡು ಮಾಡಿಕೊಂಡು ಹೋಗಿದ್ದೆ. ಪಂಚಾಯಿತಿ, ಶಾಲೆ, ವಿದ್ಯುತ್, ಬಸ್ಸು, ಮನೆ. "ಮನೆ" ಎನ್ನುವ ಗೂಡು ಮಕ್ಕಳು ಕೇಳಿದ್ದಕ್ಕೆ ಆಮೇಲೆ ಸೇರಿಸಿದ್ದು. ಅದರಲ್ಲಿ ನಾಲ್ಕು ಚೀಟಿ ಬಿತ್ತು. "ಅಣ್ಣನಿಗೆ ಸೈಕಲ್, ನನಗೆ ಇಲ್ಲ" ಎಂದು ಒಂದು. ಇದನ್ನು ಯಾವ ಆಫೀಸಿಗೆ ಕಳಿಸಲಿ ಎಂದು ಹುಡುಗನೊಬ್ಬ ಕೇಳಿದ. ಬರೆದವಳು ಯಾರು ಎಂದು ಯಾರೂ ಕೇಳಲಿಲ್ಲ, ಅದು ನನಗೆ ಬಹಳ ಇಷ್ಟವಾಯಿತು.

ಪಂಚಾಯಿತಿ ಗೂಡಿನಲ್ಲಿ ಆ ಮೂರು ಕಂಬ ಮತ್ತೆ ಬಂದಿದೆ. ಹೋದ ಬ್ಯಾಚಿನ ಸೀಲು ಹಾಕಿದ ಪ್ರತಿ ನನ್ನ ಬಳಿ ಇತ್ತು, ತೋರಿಸಿದೆ. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಹೊಸ ಅರ್ಜಿ ಬೇಡ, ಹಳೆಯದಕ್ಕೆ ಏನಾಯಿತು ಎಂದು ಕೇಳೋಣ ಎಂದು ಅವರೇ ತೀರ್ಮಾನ ಮಾಡಿದರು. ಬಾಯಲ್ಲಿ ಕೇಳಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇವೆ. 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದ ಮೀರಬಾರದು. "ಬರೀ 150 ಪದವಾ?" ಎಂದು ಕನ್ನಡ ಮೇಷ್ಟ್ರು ಕಣ್ಣರಳಿಸಿದರು, ಪ್ರಬಂಧ ಬರೆಸಲು ಒಳ್ಳೆಯ ಅಭ್ಯಾಸವಂತೆ. ಮಕ್ಕಳು ಹಾಕಬಹುದೇ ಎಂಬ ಅನುಮಾನ ಬಂತು. 2005ರ ಕಾಯ್ದೆಯಲ್ಲಿ "ನಾಗರಿಕರು" ಎಂದಿದೆ, ವಯಸ್ಸಿನ ಮಾತೇ ಇಲ್ಲ. 2012ರಲ್ಲಿ ಲಖನೌದ ಹತ್ತು ವರ್ಷದ ಹುಡುಗಿ ಗಾಂಧೀಜಿಗೆ ರಾಷ್ಟ್ರಪಿತ ಎಂಬ ಬಿರುದು ಯಾವ ಆದೇಶದಲ್ಲಿ ಕೊಟ್ಟರು ಎಂದು ಕೇಳಿ ದೊಡ್ಡ ದೊಡ್ಡ ಆಫೀಸುಗಳನ್ನೇ ಹುಡುಕಾಡಿಸಿದ್ದಳು. ಆ ಕಥೆ ಹೇಳಿದ ಮೇಲೆ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಶನಿವಾರದ ಕೊನೆಯ ಬೆಲ್, ನೆನಪಿರಲಿ.

ಮಕ್ಕಳ ಗ್ರಾಮ ಸಭೆಗೆ ಇನ್ನೂ ಸಮಯ ಇದೆ. ಹೋದ ವರ್ಷದ ನಡಾವಳಿ ನೋಡಲು ಮುಂದಿನ ಶನಿವಾರ ಪಂಚಾಯಿತಿಗೆ ಹೋಗುತ್ತಿದ್ದೇವೆ. ಹತ್ತಿರದವರು ಯಾರಾದರೂ ಬರುವಿರಾ? ಇಬ್ಬರಿದ್ದರೆ ಸಾಕು.


ತೆಂಗಿನ ತೋಟ (ಅರಸೀಕೆರೆ), ಶನಿವಾರ ಸಂಜೆ

ಸರ್, ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಾನು ಮತ್ತು ನನ್ನ ಹೆಂಡತಿ ಬರಬಹುದು. ಅವಳು ಮೊದಲು ಅಂಗನವಾಡಿಯಲ್ಲಿದ್ದಳು. ಎಷ್ಟು ಗಂಟೆಗೆ ಅಲ್ಲಿರಬೇಕು? ಏನಾದರೂ ತರಬೇಕೇ?


ನಿವೃತ್ತ ಟಪಾಲು, ಶನಿವಾರ ಸಂಜೆ

ಹತ್ತೂವರೆಗೆ ಶಾಲೆ ಹತ್ತಿರ ಇದ್ದರೆ ಸಾಕು. ಏನೂ ತರಬೇಡಿ, ಬಿಸ್ಕತ್ತಂತೂ ಬೇಡವೇ ಬೇಡ. ವರ್ಷಪೂರ್ತಿ ಬರುವುದಾದರೆ ಬನ್ನಿ, ಕಪ್ಪು ಹಲಗೆ ಸರ್ ನೋಡುತ್ತಿರುತ್ತಾರೆ. ತಿಂಡಿ ನಮ್ಮ ಮನೆಯಲ್ಲಿ, ತಟ್ಟೆ ಇಡ್ಲಿ.